ಕಟ್ಟು ಮುಗಿಯುವವರೆಗೆ ತಲೆ ಎತ್ತಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲಿನದು ಒಂದೇ ದೂರು: ದಿನವಿಡೀ ದುಡಿದಂತೆ ಇರುತ್ತದೆ, ಸಂಜೆಗೆ ಕೈಯಲ್ಲಿ ಏನೂ ಇರುವುದಿಲ್ಲ. “ಎಲ್ಲವನ್ನೂ ಒಂದೇ ಕಂತಿನಲ್ಲಿ ತೀರಿಸಿಬಿಡಿ ಮೇಡಂ” ಎಂದರು ಸಂಪಾದಕರು. ಹೊಸ ಓದುಗರಿಗಾಗಿ ಒಂದು ಮಾತು. ನಾನು ಮನಶ್ಶಾಸ್ತ್ರ ಓದಿದವಳಲ್ಲ. 1983ರಲ್ಲಿ ಹಾವೇರಿಯ ಬ್ಯಾಂಕ್ ಶಾಖೆಯೊಂದಕ್ಕೆ ಕ್ಯಾಷಿಯರ್ ಆಗಿ ಸೇರಿ, ಏಳು ಊರು ಸುತ್ತಿ, 2019ರಲ್ಲಿ ಮೈಸೂರಿನಲ್ಲಿ ನಿವೃತ್ತಳಾದವಳು. ಉತ್ತರಗಳಲ್ಲಿ ಹಳೆಯ ನೋಟಿನ ವಾಸನೆ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ನನಗೆ 29 ವರ್ಷ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ 10ಕ್ಕೆ ಕುಳಿತರೆ ಒಂದರ ಹಿಂದೊಂದು ಸಂದೇಶ, ಮೀಟಿಂಗ್, ನಡುನಡುವೆ ‘ಒಂದು ನಿಮಿಷ ಬಿಡುವಿದೆಯಾ’ ಎನ್ನುವವರು. ಸಂಜೆ 6ಕ್ಕೆ ನೋಡಿದರೆ ನನ್ನ ಪಾಲಿನ ಕೆಲಸ ಇದ್ದಲ್ಲೇ ಇರುತ್ತದೆ. ಅದನ್ನು ರಾತ್ರಿ ಮನೆಯಲ್ಲಿ ಮಾಡುತ್ತೇನೆ. ನನ್ನಲ್ಲೇ ಏಕಾಗ್ರತೆ ಕಡಿಮೆಯಾಗಿದೆಯೇ? ಧ್ಯಾನ ಕಲಿಯಬೇಕೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಧ್ಯಾನ ಕಲಿಯಿರಿ, ಬೇಡವೆನ್ನಲಾರೆ. ಆದರೆ ಧ್ಯಾನಕ್ಕೆ ಕುಳಿತವರ ಭುಜವನ್ನೂ ಐದು ನಿಮಿಷಕ್ಕೊಮ್ಮೆ ಯಾರಾದರೂ ತಟ್ಟುತ್ತಿದ್ದರೆ ಅವರ ಗತಿಯೂ ನಿಮ್ಮದೇ. ನಿಮ್ಮ ಮನಸ್ಸಿನ ಮೇಲೆ ಗೂಬೆ ಕೂರಿಸುವ ಮೊದಲು ನಿಮ್ಮ ಮೇಜನ್ನು ನೋಡೋಣ.

1987ರ ಮಾತು. ಬ್ಯಾಡಗಿಯ ಕಡೆ ಮೆಣಸಿನಕಾಯಿ ಸುಗ್ಗಿ. ವ್ಯಾಪಾರಿಗಳು ತರುವ ನೋಟಿನ ಜೊತೆ ಘಾಟೂ ಬರುತ್ತಿತ್ತು, ಎಣಿಸುತ್ತಾ ಸೀನುತ್ತಿದ್ದೆವು. ಒಬ್ಬ ವ್ಯಾಪಾರಿಗೆ ಕೊಡಬೇಕಾದ ನೂರರ ನೋಟಿನ ಕಟ್ಟನ್ನು ಎಣಿಸುತ್ತಿದ್ದೆ. ಅರವತ್ತಮೂರನೆಯ ನೋಟಿಗೆ ಬಂದಿದ್ದೆ, ಜವಾನ ಬಂದು “ಊರಿಂದ ಟ್ರಂಕ್ ಕಾಲ್, ಮ್ಯಾನೇಜರ್ ಕ್ಯಾಬಿನ್ನಿಗೆ ಬರಬೇಕಂತೆ” ಎಂದ. ಊರಿಂದ ಟ್ರಂಕ್ ಕಾಲ್ ಎಂದರೆ ಆಗ ಎದೆ ಧಸಕ್ಕೆನ್ನುವ ಕಾಲ. ನನ್ನ ಕ್ಯಾಷ್ ಕ್ಯಾಬಿನ್ನಿಗೆ ಬೀಗ ಹಾಕಿ ಓಡಿದೆ. ಅಮ್ಮ. ತಮ್ಮನಿಗೆ ಹೆಣ್ಣು ನೋಡಲು ಯಾವ ಭಾನುವಾರ ಬರುತ್ತೀ ಎಂದು ಕೇಳಲು ಫೋನ್ ಮಾಡಿದ್ದಳು. ಮರಳಿ ಬಂದು ಎಣಿಕೆ ಮುಂದುವರಿಸಿದೆ. ಐವತ್ತಮೂರು ಎಂದುಕೊಂಡು. ಆ ಮನುಷ್ಯನಿಗೆ ನೂರರ ಬದಲು ನೂರ ಹತ್ತು ನೋಟು ಹೋಯಿತು. ಸಂಜೆ ನಗದು ತಾಳೆ ನೋಡಿದಾಗ ಸಾವಿರ ರೂಪಾಯಿ ಕಡಿಮೆ. ಕ್ಯಾಷಿಯರ್ ತಪ್ಪಿಗೆ ಕ್ಯಾಷಿಯರೇ ಕಟ್ಟಿಕೊಡಬೇಕು. ಅಂದಿನ ನನ್ನ ತಿಂಗಳ ಸಂಬಳದ ಅರ್ಧಕ್ಕೂ ಮೇಲೆ. (ಆ ಹೆಣ್ಣೂ ಒಪ್ಪಿಗೆಯಾಗಲಿಲ್ಲ.)

ಹೆಡ್ ಕ್ಯಾಷಿಯರ್ ಬೈಯಲಿಲ್ಲ. ಒದ್ದೆ ಸ್ಪಂಜಿನ ಡಬ್ಬಿಯನ್ನು ನನ್ನ ಕಡೆ ಸರಿಸಿ ಹೇಳಿದರು: “ತಂಗಿ, ನೋಟು ಎಣಿಸುವವರಿಗೆ ಎದ್ದು ಹೋಗಲು ಎರಡೇ ಜಾಗ. ಕಟ್ಟು ಹಿಡಿಯುವ ಮುಂಚೆ, ಕಟ್ಟಿಗೆ ರಬ್ಬರ್ ಹಾಕಿದ ಮೇಲೆ. ನಡುವೆ ಏಳಲೇಬೇಕಾದರೆ ಆ ಎಣಿಕೆ ಸತ್ತಿತು ಎಂದುಕೊ. ಬಂದು ಒಂದರಿಂದ ಶುರುಮಾಡು.”

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ದಿನದಲ್ಲಿ ಕಟ್ಟುಗಳೇ ಇಲ್ಲ. ಹತ್ತರಿಂದ ಆರರವರೆಗೆ ಬಿಡಿ ನೋಟುಗಳ ರಾಶಿ. ಯಾರು ಬೇಕಾದರೂ ಕೈ ಹಾಕಬಹುದು. ‘ಪ್ರಾಜೆಕ್ಟ್ ಕೆಲಸ ಮುಂದುವರಿಸುವುದು’ ಎಂದು ಬೆಳಿಗ್ಗೆ ಬರೆದುಕೊಂಡರೆ ಅದು ಎಂದೂ ಮುಗಿಯುವುದಿಲ್ಲ, ಏಕೆಂದರೆ ಅದಕ್ಕೆ ರಬ್ಬರ್ ಹಾಕುವ ಜಾಗವಿಲ್ಲ. ‘ಲಾಗಿನ್ ಪುಟದಲ್ಲಿ ಬರುತ್ತಿರುವ ಆ ಒಂದು ದೋಷವನ್ನು ಸರಿಪಡಿಸುವುದು’ ಎಂದು ಬರೆಯಿರಿ. ನಲವತ್ತೋ ಐವತ್ತೋ ನಿಮಿಷದ ಕಟ್ಟು. ಅಷ್ಟು ಹೊತ್ತು ಸಂದೇಶದ ಕಿಟಕಿ ಮುಚ್ಚಿರಲಿ. ದಿನಕ್ಕೆ ಇಂಥ ನಾಲ್ಕು ಕಟ್ಟು ಕಟ್ಟಿದರೆ ನೀವು ರಾತ್ರಿ ಕೂರಬೇಕಿಲ್ಲ. ಎಂಟು ಕಟ್ಟುತ್ತೇನೆ ಎಂದು ಹೊರಡಬೇಡಿ, ನಾಲ್ಕನೆಯ ದಿನಕ್ಕೆ ಬಿಟ್ಟುಬಿಡುತ್ತೀರಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಇದ್ದಾರೆ. ಕಚೇರಿಗಳಿಗೇ ಹೋಗಿ, ಗಡಿಯಾರ ಹಿಡಿದು ಜನ ಕೆಲಸ ಮಾಡುವುದನ್ನು ಅಳೆದವರು. 2004ರ ಹೊತ್ತಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ನಿಲ್ಲಿಸುತ್ತಿದ್ದರಂತೆ. ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ನಡುವೆ ಬಿಟ್ಟ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷ ಹಿಡಿಯುತ್ತದೆ ಎಂಬುದೂ ಅವರದೇ ಲೆಕ್ಕ. ‘ಒಂದು ನಿಮಿಷ’ ಎಂದು ಬಂದವರು ಕೊಂಡುಹೋಗುವುದು ಒಂದು ನಿಮಿಷವನ್ನಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮವರು ಅಳತೆಗೋಲಿಲ್ಲದೆಯೇ ಹೇಳಿದ್ದರು. ಬಂದವರಿಗೆ ‘ಆಗುವುದಿಲ್ಲ’ ಎನ್ನಬೇಡಿ, ಮುಖ ಮುರಿದಂತಾಗುತ್ತದೆ. ‘ಹನ್ನೊಂದೂವರೆಗೆ ನಾನೇ ನಿಮ್ಮ ಮೇಜಿಗೆ ಬರುತ್ತೇನೆ’ ಎನ್ನಿ. ತಪ್ಪದೆ ಹೋಗಿ. ಹತ್ತರಲ್ಲಿ ನಾಲ್ಕು ಸಲ ಅವರು ‘ಅದು ಸರಿಹೋಯಿತು ಬಿಡಿ’ ಎನ್ನುತ್ತಾರೆ.

ಆದರೆ ಗ್ಲೋರಿಯಾ ಮಾರ್ಕ್ ಹೇಳುವ ಇನ್ನೊಂದು ಮಾತು ನಿಮಗೆ ಅಷ್ಟು ರುಚಿಸಲಿಕ್ಕಿಲ್ಲ. ಅಡಚಣೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೊರಗಿನವರು ಮಾಡಿದ್ದಲ್ಲ, ನಾವೇ ಮಾಡಿಕೊಂಡದ್ದು. ಯಾರೂ ಕರೆಯದಿದ್ದರೂ ಮೊಬೈಲ್ ಮುಟ್ಟಿ ನೋಡುವುದು, ಕಷ್ಟದ ಜಾಗ ಬಂದ ಕೂಡಲೇ ನೀರು ಕುಡಿಯಲು ಏಳುವುದು. ನಿಮ್ಮ ಪತ್ರದಲ್ಲಿ ದೂರು ಪೂರ್ತಿ ಬೇರೆಯವರ ಮೇಲಿದೆ. ಹೀಗಾಗಿ ಒಂದು ಲೆಕ್ಕ ಮಾಡಿ ನೋಡಿ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ದಿನದ ವೋಚರುಗಳನ್ನು ಸುರಿದುಕೊಂಡು ಕೂರುತ್ತಿರಲಿಲ್ಲ. ಮೊದಲು ವ್ಯತ್ಯಾಸದ ಮೊತ್ತವನ್ನು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಮಾಡಿದ್ದಾರೆ ಎಂದು ಗುಮಾನಿ: 82 ಬರೆಯಬೇಕಾದಲ್ಲಿ 28 ಬರೆದರೆ ವ್ಯತ್ಯಾಸ 54. ಎರಡರಿಂದ ಭಾಗವಾದರೆ, ಅದರ ಅರ್ಧ ಮೊತ್ತವನ್ನು ಜಮೆಗೆ ಹಾಕುವ ಬದಲು ಖರ್ಚಿಗೆ ಹಾಕಿರಬಹುದು. ತಪ್ಪಿನ ಜಾತಕ ಸಿಕ್ಕರೆ ಹುಡುಕಾಟ ಹತ್ತು ನಿಮಿಷದ್ದು, ಸಿಗದಿದ್ದರೆ ಕೊನೆಯ ಬಸ್ಸೂ ತಪ್ಪಿತು. ನೀವೂ ಮೂರು ದಿನ ಒಂದು ಚೀಟಿ ಇಟ್ಟುಕೊಳ್ಳಿ. ಕೆಲಸ ಕೈಬಿಟ್ಟಾಗಲೆಲ್ಲ ಒಂದು ಗೀಟು: ಬೇರೆಯವರು ಬಿಡಿಸಿದರೆ ಎಡಕ್ಕೆ, ನೀವೇ ಬಿಟ್ಟರೆ ಬಲಕ್ಕೆ. ಎಡಗಡೆ ಹೆಚ್ಚಾದರೆ ನಿಮ್ಮ ಮೇಲಧಿಕಾರಿಯ ಬಳಿ ಆ ಚೀಟಿ ಹಿಡಿದೇ ಹೋಗಿ, ಬೆಳಗಿನ ಎರಡು ಗಂಟೆ ಮೀಟಿಂಗ್ ಬೇಡವೆಂದು ಕೇಳಿ. ಬಲಗಡೆ ಹೆಚ್ಚಾದರೆ ಮೊಬೈಲನ್ನು ಚೀಲದಲ್ಲಿ ಹಾಕಿ, ಚೀಲವನ್ನು ಕೈಗೆಟುಕದಂತೆ ಇಡಿ. ಚೀಟಿಯನ್ನು ನನಗೂ ಕಳುಹಿಸಿ, ಯಾವ ಕಡೆ ಹೆಚ್ಚಿತ್ತು ಎಂದು ತಿಳಿಯುವ ಕುತೂಹಲವಿದೆ.

ಪ್ರಶ್ನೆ: ಮನೆಯಿಂದಲೇ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅತ್ತೆ ಒಳ್ಳೆಯವರು, ಬಹಳ ಆಚಾರವಂತರು. ಆದರೆ ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂದು ಗ್ಯಾಸ್‌ನವನು ಬಂದರೂ ನಾನು, ಕೊರಿಯರ್ ಬಂದರೂ ನಾನು, ಸಾರಿಗೆ ಹುಳಿ ಎಷ್ಟು ಎಂದು ಕೇಳಲೂ ನಾನು. ಕಂಪ್ಯೂಟರ್ ಮುಂದೆ ಕುಳಿತಿದ್ದರೆ ಅದು ಕೆಲಸವೆಂದು ಅವರಿಗೆ ಅನಿಸುವುದೇ ಇಲ್ಲ. ಜಗಳವಾಡದೆ ಹೇಗೆ ಹೇಳಲಿ ಅಕ್ಕ?
— ಒಬ್ಬ ಓದುಗಳು, ಶಿವಮೊಗ್ಗ

ಉತ್ತರ: ತಂಗೀ, ನಿಮ್ಮ ಅತ್ತೆಯವರಿಗೆ ಈ ವಿಷಯ ನಿಮಗಿಂತ ಚೆನ್ನಾಗಿ ಗೊತ್ತಿದೆ. ಅದರ ಹೆಸರು ಮಡಿ. ಅವರು ಮಡಿಯುಟ್ಟು ದೇವರ ಮುಂದೆ ಕುಳಿತಾಗ ಮೊಮ್ಮಗು ಓಡಿ ಬಂದರೂ ಮುಟ್ಟಿಸಿಕೊಳ್ಳುವುದಿಲ್ಲ, ಬಾಗಿಲಲ್ಲಿ ಯಾರು ಕೂಗಿದರೂ ಏಳುವುದಿಲ್ಲ, ಮಾತು ಬಂದರೆ ‘ಹ್ಞೂಂ’ ‘ಊಹ್ಞೂಂ’ ಅಷ್ಟೇ. ಮನೆಯವರೆಲ್ಲರೂ ಅದಕ್ಕೆ ಹೊಂದಿಕೊಂಡಿದ್ದಾರೆ. ಯಾರಿಗೂ ಅದು ದರ್ಪ ಎನಿಸಿಲ್ಲ. ಮಡಿಯ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅವು ಈ ಅಂಕಣಕ್ಕೆ ಬೇಡ. ಆದರೆ ಒಂದು ಮನೆಯೊಳಗೆ, ಗೋಡೆಯಿಲ್ಲದೆ, ಒಬ್ಬ ಹೆಂಗಸು ತನ್ನ ಎರಡು ಗಂಟೆಗಳನ್ನು ತನಗೇ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ‘ಅತ್ತೆ, ಹತ್ತರಿಂದ ಹನ್ನೆರಡರವರೆಗೆ ನಾನೂ ಮಡಿಯಲ್ಲಿರುತ್ತೇನೆ’ ಎಂದು ನಗುತ್ತಾ ಹೇಳಿ ನೋಡಿ. ಮೊದಲ ದಿನ ನಕ್ಕುಬಿಡುತ್ತಾರೆ, ಎರಡನೆಯ ವಾರಕ್ಕೆ ಗ್ಯಾಸ್‌ನವನಿಗೆ ‘ಅವಳು ಮಡಿಯಲ್ಲಿದ್ದಾಳೆ’ ಎಂದು ಅವರೇ ಹೇಳುತ್ತಾರೆ.

ಮಡಿಗೆ ಗುರುತು ಬೇಕಲ್ಲ. ನೈಟಿಯಲ್ಲಿ ಊಟದ ಮೇಜಿನ ತುದಿಗೆ ಕುಳಿತರೆ ನೋಡುವವರಿಗೆ ನೀವು ಬಿಡುವಾಗಿರುವಂತೆಯೇ ಕಾಣುತ್ತೀರಿ. ಹೊರಗೆ ಹೋಗುವ ಬಟ್ಟೆ ಉಟ್ಟು, ದಿನವೂ ಒಂದೇ ಜಾಗದಲ್ಲಿ, ಸಾಧ್ಯವಾದರೆ ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳಿ. ನಾವು ಕೂರುತ್ತಿದ್ದ ಕ್ಯಾಷ್ ಕ್ಯಾಬಿನ್ ತಂತಿ ಜಾಲರಿಯ ಪಂಜರ, ಒಳಗಿನಿಂದ ಚಿಲಕ. ಅದನ್ನು ಕಟ್ಟಿದ್ದು ಕಳ್ಳರಿಗಾಗಿ. ಆದರೆ ನೋಟು ಎಣಿಸುವಾಗ ಅದು ನಮ್ಮನ್ನು ಕಾಯುತ್ತಿದ್ದುದು ಹೆಚ್ಚಾಗಿ ಸಹೋದ್ಯೋಗಿಗಳಿಂದ.

ಇನ್ನೊಂದು ಸಣ್ಣ ವಿಷಯ, ಆದರೆ ಅನುಭವದ್ದು. ಆ ಎರಡು ಗಂಟೆ ಒಲೆಯ ಮೇಲೆ ಕುಕ್ಕರ್ ಇಡಬೇಡಿ. ಇಟ್ಟರೆ ಕಣ್ಣು ಅಂಕಿಯ ಮೇಲಿದ್ದರೂ ಕಿವಿ ಸೀಟಿ ಎಣಿಸುತ್ತಿರುತ್ತದೆ. ಬೇಳೆಗೆ ಮೂರೋ ನಾಲ್ಕೋ ಎಂಬ ಆ ಎಣಿಕೆ ತಲೆಯಲ್ಲಿ ಇರುವಷ್ಟು ಹೊತ್ತು ಇನ್ನೊಂದು ಎಣಿಕೆ ಸರಿಯಾಗಿ ಆಗುವುದಿಲ್ಲ. ಬೇಯಿಸುವುದಿದ್ದರೆ ಸೀಟಿ ಎಣಿಸುವ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಿ. ಅಂದಹಾಗೆ, ಇಷ್ಟುದ್ದದ ಪತ್ರದಲ್ಲಿ ಗ್ಯಾಸ್‌ನವನು ಬಂದ, ಕೊರಿಯರ್‌ನವನು ಬಂದ. ನಿಮ್ಮ ಯಜಮಾನರು ಎಲ್ಲಿಯೂ ಬರಲಿಲ್ಲ. ಅವರಿಗೂ ಕಿವಿ ಇದೆಯಲ್ಲವೇ?

ಪ್ರಶ್ನೆ: ಮಧ್ಯಾಹ್ನ ಊಟವಾದ ಮೇಲೆ ಎರಡರಿಂದ ಮೂರೂವರೆಯವರೆಗೆ ಕಚೇರಿಯಲ್ಲಿ ಕಣ್ಣೇ ತೆರೆಯಲಾಗುವುದಿಲ್ಲ. ಎರಡು ಲೋಟ ಕಾಫಿ ಕುಡಿದರೂ ಅಷ್ಟೇ. ಏನು ಮಾಡಲಿ?
— ಗುಮಾಸ್ತ, ಮಂಡ್ಯ

ಉತ್ತರ: ಮುದ್ದೆ, ಸೊಪ್ಪಿನ ಸಾರು, ಮೇಲೊಂದಿಷ್ಟು ಅನ್ನ, ಮಜ್ಜಿಗೆ. ಮಂಡ್ಯದವರಿಗೆ ನಾನೇನು ಹೇಳಲಿ! ತಪ್ಪು ಪೂರ್ತಿ ಊಟದ್ದೂ ಅಲ್ಲ. ನಡುಮಧ್ಯಾಹ್ನ ಮೈ ತೂಕಡಿಸುವುದು ದೇಹದ ಗಡಿಯಾರದಲ್ಲೇ ಇರುವ ಇಳಿಜಾರು. ಊಟ ಬಿಟ್ಟರೂ ಸ್ವಲ್ಪ ಮಟ್ಟಿಗೆ ಬರುತ್ತದೆ, ಹೊಟ್ಟೆ ಬಿರಿಯ ಉಂಡರೆ ಹೆಚ್ಚು. ಆ ಹೊತ್ತಿನಲ್ಲಿ ಕಡತ ಓದಿ ಟಿಪ್ಪಣಿ ಬರೆಯುತ್ತೇನೆಂದು ಹಟ ಮಾಡಬೇಡಿ. ಮೊಹರು ಹಾಕುವುದು, ಟಪಾಲು ವಿಂಗಡಿಸುವುದು, ಬೀರುವಿನ ಬಳಿ ನಿಂತು ಹಳೆಯ ಕಡತ ಹುಡುಕುವುದು, ಇಂಥ ಕೈಕೆಲಸವನ್ನು ಅದಕ್ಕೆಂದೇ ಎತ್ತಿಡಿ. ಎರಡನೆಯ ಲೋಟ ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ನಾಲ್ಕರ ಕಾಫಿ ರಾತ್ರಿ ನಿದ್ದೆಯನ್ನು ಕೆಡಿಸಿ, ನಾಳಿನ ತೂಕಡಿಕೆಯನ್ನು ಇಮ್ಮಡಿ ಮಾಡುತ್ತದೆ.

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ವಿಷಯ ನಿರ್ವಾಹಕ. ಬೆಳಿಗ್ಗೆಯಿಂದ ಜನ ಮೇಜಿನ ಸುತ್ತ ನಿಂತಿರುತ್ತಾರೆ, ಫೋನ್ ಬರುತ್ತಿರುತ್ತದೆ, ಶಿರಸ್ತೇದಾರರು ಕರೆಯುತ್ತಿರುತ್ತಾರೆ. ಪಕ್ಕದ ಮೇಜಿನವರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕುತ್ತಾರೆ, ಸಹಿ ಹಾಕುತ್ತಲೇ ಇನ್ನೊಬ್ಬರಿಗೆ ಉತ್ತರ ಹೇಳುತ್ತಾರೆ. ಅವರನ್ನು ಎಲ್ಲರೂ ‘ನಮ್ಮ ಅಷ್ಟಾವಧಾನಿ’ ಎನ್ನುತ್ತಾರೆ. ನನ್ನಿಂದ ಒಂದಾದ ಮೇಲೆ ಒಂದೇ ಆಗುವುದು. ನಾನು ಮಂದನೇ?
— ಎಸ್.ಡಿ.ಎ., ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪಕ್ಕದವರು ಅಷ್ಟಾವಧಾನ ನೋಡಿಲ್ಲ. ನೋಡಿದ್ದರೆ ಆ ಬಿರುದು ನಿಮಗೆ ಸಿಗುತ್ತಿತ್ತು.

ಶತಾವಧಾನಿ ಆರ್. ಗಣೇಶರ ಅವಧಾನವೊಂದನ್ನು ಎದುರಿಗೇ ಕುಳಿತು ನೋಡುವ ಭಾಗ್ಯ ನನ್ನದಾಗಿತ್ತು. ಎಂಟು ಜನ ಪೃಚ್ಛಕರು, ಎಂದರೆ ಪ್ರಶ್ನೆ ಒಡ್ಡುವವರು. ಒಬ್ಬರು ಅಸಂಬದ್ಧವೆನಿಸುವ ಒಂದು ಸಾಲು ಕೊಟ್ಟು ಪದ್ಯ ಪೂರೈಸಿ ಎನ್ನುತ್ತಾರೆ, ಅದು ಸಮಸ್ಯಾಪೂರಣ. ಇನ್ನೊಬ್ಬರು ಸಂಬಂಧವೇ ಇಲ್ಲದ ನಾಲ್ಕು ಪದ ಕೊಟ್ಟು ಅವನ್ನು ಪದ್ಯದಲ್ಲಿ ತನ್ನಿ ಎನ್ನುತ್ತಾರೆ, ಅದು ದತ್ತಪದಿ. ನಿಷೇಧಾಕ್ಷರಿಯವರಂತೂ ಒಂದೊಂದು ಅಕ್ಷರಕ್ಕೂ ‘ಮುಂದೆ ಇದು ಬರಕೂಡದು’ ಎಂದು ತಡೆಯುತ್ತಾರೆ. ನಡುವೆ ಗಂಟೆ ಬಾರಿಸುತ್ತಿರುತ್ತದೆ, ಅದನ್ನೂ ಲೆಕ್ಕವಿಡಬೇಕು. ಇವೆಲ್ಲ ಸಾಲದೆಂದು ಅಪ್ರಸ್ತುತ ಪ್ರಸಂಗದವರು; ಯಾವ ಹೊತ್ತಿನಲ್ಲಾದರೂ ಬಾಯಿ ಹಾಕಿ, ‘ಅವಧಾನಿಗಳೇ, ಇವತ್ತು ಬರುವಾಗ ಆಟೋದವನು ಎಷ್ಟು ಕೇಳಿದ?’ ಎಂಬಂಥ ಪ್ರಶ್ನೆ ಎಸೆಯುವುದೇ ಅವರ ಕೆಲಸ. ಎಂಟರಲ್ಲಿ ಒಂದು ಸ್ಥಾನವನ್ನು ತೊಂದರೆ ಕೊಡುವವರಿಗೆಂದೇ ಮೀಸಲಿಟ್ಟಿದ್ದಾರಲ್ಲ, ಆ ಕಲೆಯನ್ನು ಕಟ್ಟಿದವರು ಸರ್ಕಾರಿ ಕಚೇರಿಯಲ್ಲಿ ಒಂದಷ್ಟು ದಿನ ಇದ್ದಿರಬೇಕು ಎಂದುಕೊಂಡೆ.

ಅವಧಾನಿ ಎಂಟನ್ನೂ ಒಟ್ಟಿಗೆ ಮಾಡುತ್ತಾರೆ ಎಂದುಕೊಂಡೇ ನಾನೂ ಹೋಗಿದ್ದೆ. ಹಾಗಲ್ಲ. ಒಬ್ಬ ಪೃಚ್ಛಕರಿಗೆ ಪದ್ಯದ ಒಂದು ಪಾದ. ಅದು ಪೂರ್ತಿ ಮುಗಿದು, ಪೃಚ್ಛಕರು ಬರೆದುಕೊಂಡ ಮೇಲೆಯೇ ಕತ್ತು ಮುಂದಿನವರ ಕಡೆ ತಿರುಗುವುದು. ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನವರಿಗೆ ಎರಡನೆಯ ಪಾದ. ನಾಲ್ಕು ಸುತ್ತಿಗೆ ನಾಲ್ಕು ಪಾದ, ಕೊನೆಗೆ ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸುವುದು. ಅರ್ಧ ಪಾದಕ್ಕೆ ಬಿಟ್ಟು ಇನ್ನೊಬ್ಬರ ಕಡೆ ಹೊರಳಿದ್ದನ್ನು ನಾನು ಕಾಣಲಿಲ್ಲ. ನಮ್ಮ ಹೆಡ್ ಕ್ಯಾಷಿಯರ್ ಆ ಸಭೆಯಲ್ಲಿದ್ದಿದ್ದರೆ ತಲೆದೂಗುತ್ತಿದ್ದರು.

ಈಗ ನಿಮ್ಮ ಮೇಜು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದವಲ್ಲ. 9ರಂದು ಬ್ಯಾಂಕ್ ಮುಚ್ಚಿತ್ತು, 10ರ ಬೆಳಿಗ್ಗೆ ಬಾಗಿಲು ತೆರೆದಾಗ ಸಾಲು ರಸ್ತೆಯ ತಿರುವು ದಾಟಿತ್ತು. ನಾನು ಆಗ ಅಧಿಕಾರಿ. ಕೌಂಟರ್ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಂದು ಎಲ್ಲರೂ ಕ್ಯಾಷಿಯರುಗಳೇ. ಒಬ್ಬರಿಗೆ 4000 ರೂಪಾಯಿವರೆಗೆ ಬದಲಾಯಿಸಿ ಕೊಡಬೇಕು. ಅರ್ಜಿ, ಗುರುತಿನ ಚೀಟಿಯ ಪ್ರತಿ, ಹಳೆಯ ನೋಟು. ಕಿಂಡಿಯೊಳಗೆ ಒಮ್ಮೆಗೇ ಐದು ಕೈ. ಮೊದಲ ಅರ್ಧ ಗಂಟೆ ಯಾರು ಚಾಚಿದರೂ ಕಾಗದ ತೆಗೆದುಕೊಂಡೆ. ಯಾರ ಅರ್ಜಿಗೆ ಯಾರ ಆಧಾರ್ ಪ್ರತಿ ಸೇರಿತೋ ತಿಳಿಯದೆ ಕೈ ನಡುಗಿತು. ಆಮೇಲೆ ಒಂದೇ ನಿಯಮ ಮಾಡಿಕೊಂಡೆ: ಮೇಜಿನ ಮೇಲೆ ಒಬ್ಬರ ಕಾಗದ ಮಾತ್ರ. ಅದು ಎದ್ದು ಹೋಗುವವರೆಗೆ ಇನ್ನೊಂದು ಚೂರು ಕಾಗದವೂ ಒಳಗೆ ಬರಕೂಡದು. ಹೊರಗೆ ನಿಂತವರು ಬೈದರು. ಒಬ್ಬ ಅಜ್ಜ “ಏನಮ್ಮಾ, ಬಸವನ ಹುಳ ಇದ್ದಂಗೆ ಇದ್ದೀ” ಎಂದರು. ಸಂಜೆ ನನ್ನ ಕೌಂಟರ್ ಒಂದೇ ಸಲಕ್ಕೆ ತಾಳೆಯಾಯಿತು, ಆ ಅಜ್ಜನ ಸರದಿಯೂ ಅಂದೇ ಬಂದಿತ್ತು.

ನೀವೂ ಹಾಗೆಯೇ ಮಾಡಿ. ಒಬ್ಬರ ಅರ್ಜಿ ಮುಂದಿರುವಾಗ ಎರಡನೆಯವರಿಗೆ ಕತ್ತೆತ್ತಿ “ಇವರ ನಂತರ ನೀವು” ಎಂದು ಒಂದು ಮಾತು ಹೇಳಿ. ಸರದಿ ಗೊತ್ತಾದ ಮನುಷ್ಯ ಸುಮ್ಮನಿರುತ್ತಾನೆ, ಗೊತ್ತಾಗದವನೇ ಮೇಜು ತಟ್ಟುವುದು. ಶಿರಸ್ತೇದಾರರು ಕರೆದರೆ ಹೋಗಲೇಬೇಕು, ಅಲ್ಲಿ ನನ್ನ ನಿಯಮ ನಡೆಯದು. ಆದರೆ ಏಳುವ ಮುನ್ನ ಐದು ಸೆಕೆಂಡ್ ತೆಗೆದುಕೊಂಡು ಪೆನ್ಸಿಲಿನಲ್ಲಿ ‘ಪಹಣಿ ನೋಡಿದ್ದಾಯಿತು, ಮ್ಯುಟೇಷನ್ ನೋಡಬೇಕು’ ಎಂದು ಕಡತದ ಮೇಲೆ ಗೀಚಿ ಏಳಿ. ಕೈಬಿಟ್ಟ ಕೆಲಸದ ಒಂದು ಎಳೆ ತಲೆಯಲ್ಲೇ ಉಳಿದು ಮುಂದಿನ ಕೆಲಸವನ್ನೂ ಎಳೆಯುತ್ತಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಬರೆದಿದ್ದಾರೆ. ಎಲ್ಲಿಗೆ ನಿಲ್ಲಿಸಿದೆ, ಬಂದು ಏನು ಮಾಡಬೇಕು ಎಂದು ಗೀಚಿಟ್ಟರೆ ಆ ಎಳೆತ ಕಡಿಮೆಯಾಗುತ್ತದಂತೆ. ಇನ್ನು ಯಾವ ಅರ್ಜಿ ಮೊದಲು ಎಂಬ ಗೊಂದಲಕ್ಕೆ ‘ಸಕಾಲ’ ಯೋಜನೆಯ ಗಡುವಿನ ದಿನಾಂಕವೇ ನಿಮ್ಮ ಪರ ಸಾಕ್ಷಿ. ಹತ್ತಿರದ ದಿನಾಂಕದ್ದು ಮೇಲೆ. ಜೋರಾಗಿ ಕೂಗುವವರದ್ದಲ್ಲ.

ನಿಮ್ಮ ಪಕ್ಕದವರು ಮಾತಾಡುತ್ತಾ ಸಹಿ ಹಾಕುತ್ತಾರಲ್ಲ, ಅವರ ಬಗ್ಗೆ ನನಗೆ ಅಸೂಯೆಯಿಲ್ಲ, ಭಯವಿದೆ.

ಪ್ರಶ್ನೆ: ಮಗಳು ನನ್ನ ಮೊಬೈಲಿನಲ್ಲಿ ಟೊಮೆಟೊ ಚಿತ್ರವಿರುವ ಒಂದು ಗಡಿಯಾರ ಹಾಕಿಕೊಟ್ಟಿದ್ದಾಳೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ? ಟೊಮೆಟೊ ಏಕೆ?
— ಶಿಕ್ಷಕಿ, ಕಾರ್ಕಳ

ಉತ್ತರ: ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ, ಓದಲು ಮನಸ್ಸು ನಿಲ್ಲದೆ, ಅಡುಗೆಮನೆಯಲ್ಲಿದ್ದ ಟೊಮೆಟೊ ಆಕಾರದ ಗಂಟೆಯನ್ನು ತಿರುಗಿಸಿಟ್ಟು ಕುಳಿತದ್ದು ಇದರ ಮೂಲ. ಇಟಾಲಿಯನ್‌ನಲ್ಲಿ ಟೊಮೆಟೊಗೆ ಪೊಮೊಡೊರೊ ಎನ್ನುತ್ತಾರೆ. ಉತ್ತರ ಪತ್ರಿಕೆ ತಿದ್ದಲು ಬಹಳ ಒಳ್ಳೆಯದು. ಶುರುಮಾಡಲು ಬೇಸರ ಬರುವ ಯಾವ ಕೆಲಸಕ್ಕೂ ಒಳ್ಳೆಯದು. ಆದರೆ ಒಂದು ಉತ್ತರದ ನಡುವೆ ಗಂಟೆ ಬಾರಿಸಿದರೆ ಅಲ್ಲಿಗೇ ಪೆನ್ ಇಡಬೇಡಿ, ಆ ಪತ್ರಿಕೆ ಮುಗಿಸಿ ಏಳಿ. ಮತ್ತೆ, ಗಂಟೆ ಮೊಬೈಲಿನಲ್ಲಿ ಬೇಡ. ಸಮಯ ನೋಡಲು ಹೋದವರು ವಾಟ್ಸ್ಆ್ಯಪ್‌ನಲ್ಲಿ ಸೊಸೈಟಿಯ ನೀರಿನ ಜಗಳ ಓದುತ್ತಾ ಕುಳಿತದ್ದನ್ನು ನಾನು ನಮ್ಮ ಮನೆಯ ಕನ್ನಡಿಯಲ್ಲೇ ಕಂಡಿದ್ದೇನೆ.

ಪ್ರಶ್ನೆ: ಕಳೆದ ವರ್ಷ ಇದೇ ಅಂಕಣದಲ್ಲಿ ನೀವು ‘ನಾಲ್ಕೂವರೆಗೆ ಏಳಿ, ಮುಖ್ಯ ಕೆಲಸವನ್ನು ಬ್ರಾಹ್ಮೀ ಮುಹೂರ್ತದಲ್ಲೇ ಮುಗಿಸಿ’ ಎಂದು ಬರೆದಿರಿ. ಮೂರು ತಿಂಗಳು ಮಾಡಿದೆ. ಬೆಳಿಗ್ಗೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದೆ, ಹಗಲು ಸಿಡುಕಿದೆ, ಹೆಂಡತಿಯೊಡನೆ ಮಾತು ಬಿಟ್ಟೆ. ಇದಕ್ಕೇನು ಹೇಳುತ್ತೀರಿ?
— ಅನುವಾದಕ, ಧಾರವಾಡ

ಉತ್ತರ: ತಪ್ಪಾಯಿತು ಎನ್ನುತ್ತೇನೆ. ನನಗೆ ಹುಟ್ಟಿನಿಂದ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಅದು ನನ್ನ ಸಾಧನೆಯಲ್ಲ, ನನ್ನ ಮೈಯ ಗುಣ. ಅದನ್ನು ಉಪದೇಶ ಮಾಡಿಬಿಟ್ಟೆ. ಎದುರಿಗೇ ಇದ್ದ ಸಾಕ್ಷಿಯನ್ನು ಮರೆತೆ: ನಮ್ಮ ಮನೆಯವರು. ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಬೆಳಿಗ್ಗೆ ಒಂಬತ್ತಕ್ಕೆ ಅವರ ಕೈಗೆ ಹಾಲಿನ ಲೆಕ್ಕ ಕೊಟ್ಟರೆ ಕೂಡುವುದೂ ತಪ್ಪುತ್ತಿತ್ತು. ಅದೇ ರಾತ್ರಿ ಹನ್ನೊಂದಕ್ಕೆ, ದೀಪದ ಕೆಳಗೆ, ಒಂದು ಪುಟದಲ್ಲಿ ದೀರ್ಘ ತಪ್ಪಿದ ಒಂದು ಅಕ್ಷರವೂ ಅವರ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ನಲವತ್ತು ವರ್ಷ ಒಂದೇ ಮನೆಯಲ್ಲಿ ನಮ್ಮಿಬ್ಬರ ಗಡಿಯಾರ ಬೇರೆ ಬೇರೆ. ಒಟ್ಟಿಗೆ ಎಚ್ಚರವಾಗಿರುವ ಹೊತ್ತು ಕಡಿಮೆಯಾದ್ದರಿಂದ ಜಗಳವೂ ಕಡಿಮೆ.

ಒಂದು ವಾರ ನೀವು ಯಾವ ಹೊತ್ತಿನಲ್ಲಿ ಅನುವಾದಿಸಿದ ಪುಟವನ್ನು ಮರುದಿನ ಕಡಿಮೆ ತಿದ್ದಬೇಕಾಯಿತು ಎಂದು ಗುರುತು ಮಾಡಿ. ಆ ಹೊತ್ತನ್ನು ಕಷ್ಟದ ಪುಟಗಳಿಗೆ ಇಡಿ. ಅದು ರಾತ್ರಿ ಹತ್ತಾಗಿದ್ದರೆ ರಾತ್ರಿ ಹತ್ತೇ. ಬೆಳಿಗ್ಗೆ ಏಳೂವರೆಗೆ ಎದ್ದು ಮೊದಲು ಹೆಂಡತಿಯೊಡನೆ ಮಾತಾಡಿ.

ಪ್ರಶ್ನೆಯಲ್ಲ, ಪತ್ರ: ಮೇಡಂ, ಹಾಸನದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ನನ್ನದು. ಮದುವೆ ಕಾಲದಲ್ಲಿ ದಿನಕ್ಕೆ ಅರವತ್ತು ಫೋನ್ ಬರುತ್ತದೆ, ‘ಆಯ್ತಾ’ ಎಂದು. ಹೋದ ಮೇ ತಿಂಗಳಲ್ಲಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮದುಮಗಳ ರವಿಕೆ ಕತ್ತರಿಸುತ್ತಿದ್ದೆ. ಬಟ್ಟೆ ಮಡಿಸಿ ಕತ್ತರಿಸಿದ್ದರೆ ಎರಡು ತೋಳು ತಾನೇ ಜೋಡಿಯಾಗಿ ಬರುತ್ತಿತ್ತು. ಬಟ್ಟೆ ಸಾಲದೆಂದು ಬಿಡಿಬಿಡಿಯಾಗಿ ಕತ್ತರಿಸಿದೆ. ಎರಡೂ ಎಡತೋಳೇ ಬಂದವು. ಅಂದಿನಿಂದ ಕತ್ತರಿ ಕೆಲಸವೆಲ್ಲ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಷಟರ್ ಅರ್ಧ ಎಳೆದು, ಫೋನ್ ಗಲ್ಲಾ ಪೆಟ್ಟಿಗೆಯಲ್ಲಿಟ್ಟು. ಮಷೀನಿನ ಕೆಲಸ ಹಗಲಿಗೆ. ಗುಂಡಿ, ಹುಕ್ಕು, ಕಾಜ ಸಂಜೆ, ಗಿರಾಕಿಗಳೊಡನೆ ಮಾತಾಡುತ್ತಾ. ನಿಮ್ಮ ಓದುಗರಿಗೆ ಉಪಯೋಗವಾಗಬಹುದು ಎಂದು ಬರೆದಿದ್ದೇನೆ.
— ಟೈಲರ್, ಹಾಸನ

ಉತ್ತರ: ಈ ಪತ್ರವನ್ನು ಮೊದಲೇ ಓದಿದ್ದರೆ ಮೇಲಿನ ಅರ್ಧ ಪುಟ ನಾನು ಬರೆಯುತ್ತಿರಲಿಲ್ಲ. ವೈಟ್‌ಫೀಲ್ಡಿನ ತಮ್ಮ, ಶಿವಮೊಗ್ಗದ ತಂಗಿ, ಇದನ್ನು ಎರಡು ಸಲ ಓದಿ. ನಿಮ್ಮ ಕೆಲಸದಲ್ಲಿ ಕತ್ತರಿ ಯಾವುದು, ಗುಂಡಿ ಯಾವುದು ಎಂದು ನೀವೇ ವಿಂಗಡಿಸಿಕೊಳ್ಳಿ.

ಆದರೆ ಟೈಲರ್ ಅಣ್ಣ, ಮುಖ್ಯವಾದದ್ದನ್ನು ನೀವು ಬರೆಯಲೇ ಇಲ್ಲ. ಮದುಮಗಳ ರವಿಕೆ ಏನಾಯಿತು? ಅದೇ ಬಣ್ಣದ ಬಟ್ಟೆ ಹಾಸನದಲ್ಲೇ ಸಿಕ್ಕಿತೇ, ಬೆಂಗಳೂರಿಗೆ ಓಡಬೇಕಾಯಿತೇ, ಅಥವಾ ತೋಳಿಲ್ಲದ ರವಿಕೆಯೇ ಈಗಿನ ಫ್ಯಾಷನ್ ಎಂದು ಒಪ್ಪಿಸಿಬಿಟ್ಟಿರೋ? ದಯವಿಟ್ಟು ತಿಳಿಸಿ. ಸಂಜೆ, ಗುಂಡಿ ಹಾಕುವ ಹೊತ್ತಿನಲ್ಲಿ.